ಹೊರಮೈಗಳ ಶುದ್ಧಿ: ಮೃದುವಾದ ಕ್ರಮವೋ, ರಭಸದ ನೀರೋ?

ಮಳೆಗಾಲವು ಕಳೆದು ಕಾರ್ತಿಕಮಾಸವು ಬಂದಿತೆಂದರೆ ನಮ್ಮ ಗ್ರಾಮಗಳಲ್ಲಿ ಮನೆ, ಕಣಜ, ಕೊಟ್ಟಿಗೆ, ಬಾವಿಯ ಕಟ್ಟೆ, ದೇವಸ್ಥಾನದ ಪ್ರಾಕಾರ ಇವುಗಳ ಹೊರಮೈಯನ್ನು ತೊಳೆಸಿ ಸುಣ್ಣಬಣ್ಣಗಳನ್ನು ಮಾಡಿಸುವ ಕೆಲಸವು ಮೊದಲಾಗುವುದು. ನಾಲ್ಕು ತಿಂಗಳ ಮಳೆಗೆ ಗೋಡೆಗಳು ಹಸುರಾಗಿ, ಬರಬರುತ್ತ ಕಪ್ಪಾಗಿ, ಹೆಂಚುಗಳ ಮೇಲೆ ಹಾವಸೆಯು ದಟ್ಟವಾಗಿ ಬೆಳೆದಿರುತ್ತದೆ. ಹಿಂದೆ ಈ ಕೆಲಸಕ್ಕೆ ತೆಂಗಿನ ನಾರು, ನೀರು, ಆಳುಗಳ ತೋಳು ಇವಿಷ್ಟೇ ಸಾಧನಗಳಾಗಿದ್ದುವು. ಈಗಲಾದರೋ ತೋಟಗಳಿಗೆ ಔಷಧವನ್ನು ಸಿಂಪಡಿಸುವ ಒತ್ತಡದ ಪಂಪುಗಳೂ, ವಾಹನಗಳನ್ನು ತೊಳೆಯುವ ವಿದ್ಯುದ್ಯಂತ್ರಗಳೂ ಊರೂರಿಗೆ ಬಂದಿವೆ. ನಾಲ್ಕು ದಿನಗಳ ಕೆಲಸವು ಅರ್ಧ ದಿನದಲ್ಲಿ ಮುಗಿಯುವುದೆಂದು ಕಂಡಾಗ ಯಾರಿಗಾದರೂ ಆಶೆಯಾಗುವುದು ಸಹಜವೇ. ಆದರೆ ಯಾವ ಮೈಗೆ ಯಾವ ಕ್ರಮವು ಒಗ್ಗುವುದೆಂಬುದನ್ನು ಮೊದಲೇ ವಿಚಾರಿಸದೆ ಹೋದಲ್ಲಿ ಕೊಳೆಯೊಡನೆ ಗೋಡೆಯೂ ತೊಳೆದುಹೋಗುವ ಸಂಭವವುಂಟು.

ಮಲೆನಾಡಿನ ಒಂದು ಗ್ರಾಮದಲ್ಲಿ ಹಿರಿಯರೊಬ್ಬರು ಈ ಲೇಖಕನನ್ನು ತಮ್ಮ ಊರಿನ ಗುಡಿಯ ಹಿಂಭಾಗಕ್ಕೆ ಕರೆದುಕೊಂಡು ಹೋಗಿ, "ಸ್ವಾಮಿ, ಹೋದ ವರ್ಷ ಜಾತ್ರೆಗೆ ಮುಂಚೆ ತೋಟದ ಪಂಪನ್ನು ತಂದು ಈ ಗೋಡೆಯನ್ನು ತೊಳೆಸಿದೆವು. ಆಗ ಹೊಸದರಂತೆ ಕೆಂಪಗೆ ಕಾಣುತ್ತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಮೊದಲಿಗಿಂತಲೂ ಹೆಚ್ಚಾಗಿ ಹಸುರಾಗಿದೆ. ನೀರಿನಲ್ಲೇನಾದರೂ ದೋಷವಿರಬಹುದೇ?" ಎಂದು ಕೇಳಿದರು. ನೀರಿನಲ್ಲಿ ದೋಷವಿರಲಿಲ್ಲ. ಗೋಡೆಯು ಹಳೆಯ ಸುಟ್ಟ ಇಟ್ಟಿಗೆಯದು. ಸಂದುಗಳಲ್ಲಿದ್ದುದು ಸುಣ್ಣದ ಗಾರೆ. ಬೆರಳನ್ನಿಟ್ಟು ನೋಡಿದರೆ ಸಂದುಗಳಲ್ಲಿ ಅರ್ಧ ಅಂಗುಲದಷ್ಟು ಗಾರೆಯು ಹೋಗಿದ್ದಿತು. ಇಟ್ಟಿಗೆಯ ಮೈಯು ಉಗುರಿಗೆ ಪುಡಿಯಾಗುತ್ತಿದ್ದಿತು. ಜಾತ್ರೆಯ ದಿನ ಹೊಸದರಂತೆ ಕಂಡ ಆ ಕೆಂಪು ಇಟ್ಟಿಗೆಯ ಒಳತಿರುಳಿನ ಬಣ್ಣವೇ ವಿನಾ ಶುದ್ಧವಾದ ಹೊರಮೈಯ ಬಣ್ಣವಲ್ಲ.

ಇದರ ಕಾರಣವನ್ನು ತಿಳಿಯಬೇಕಾದರೆ ಒತ್ತಡದ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಮೂವತ್ತಮೂರು ಅಡಿ, ಎಂದರೆ ಸುಮಾರು 10 ಮೀಟರು ಎತ್ತರದ ತೊಟ್ಟಿಯಿಂದ ಕೆಳಗಿನ ನಲ್ಲಿಗೆ ಬರುವ ನೀರಿನ ಒತ್ತಡವು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು. ಬೆನ್ನಿಗೆ ಕಟ್ಟಿಕೊಂಡು ಕೈಯಿಂದ ಒತ್ತುವ ಸಿಂಪಡಿಸುವ ಯಂತ್ರದಲ್ಲಿ ಇದು ಸುಮಾರು ಮೂರು ಕಿಲೋ ಆಗುವುದು. ತೋಟಗಳ ಮೂರು ಪಿಸ್ಟನ್ನಿನ ಪಂಪುಗಳು ಸಾಧಾರಣವಾಗಿ 20ರಿಂದ 40 ಕಿಲೋಗಳವರೆಗೆ ಒತ್ತಡವನ್ನು ಕೊಡುವುವು. ವಾಹನಗಳನ್ನು ತೊಳೆಯುವ ಯಂತ್ರಗಳಲ್ಲಿ ಇದು 100ರಿಂದ 150 ಕಿಲೋಗಳಿಗೆ ಏರುವುದು. ಅಮೆರಿಕಾ ದೇಶದಲ್ಲಿ ಪುರಾತನ ಕಟ್ಟಡಗಳ ರಕ್ಷಣೆಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನಗಳ ಇಲಾಖೆಯವರು ಇಂತಹ ಕಟ್ಟಡಗಳ ಶುದ್ಧಿಯನ್ನು ಏಳು ಕಿಲೋಗಳಿಗೆ ಮೀರದ ಒತ್ತಡದಿಂದ ಪ್ರಾರಂಭಿಸಬೇಕೆಂದೂ, ಅಗತ್ಯಬಿದ್ದರೂ ಸಾಧಾರಣವಾಗಿ 20ರಿಂದ 28 ಕಿಲೋಗಳನ್ನು ದಾಟಬಾರದೆಂದೂ ಸಲಹೆಮಾಡಿರುವರು. ಆದಕಾರಣ ನಾವು ಅಡಿಕೆಯ ಗೊನೆಗೆ ಹಿಡಿಯುವ ಪಂಪು ಹಳೆಯ ಗೋಡೆಯ ಪಾಲಿಗೆ ಆಗಲೇ ಮಿತಿಯ ಅಂಚಿನಲ್ಲಿದೆ. ವಾಹನ ತೊಳೆಯುವ ಯಂತ್ರವಂತೂ ಮಿತಿಯನ್ನು ಎಷ್ಟೋ ದಾಟಿದೆ. (1910ರ ಸುಮಾರಿನಲ್ಲಿ ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್‌ರವರು ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಅಂತಹ ಸಿಂಪಡಣೆಯ ಪಂಪು ಗುಡಿಯ ಗೋಡೆಗೂ ಬಂದೀತೆಂದು ಆಗ ಯಾರೂ ಎಣಿಸಿರಲಾರರು.)

ಒತ್ತಡದಷ್ಟೇ ಮುಖ್ಯವಾದುದು ನಳಿಗೆಯ ಮೂತಿ ಮತ್ತು ದೂರ. ಒಂದೇ ಯಂತ್ರದಿಂದ ಹೊರಟ ನೀರು ಸೂಜಿಯಂತಹ ಒಂದೇ ಎಳೆಯಾಗಿ ಬಿದ್ದರೆ ಉಳಿಯಂತೆ ಕೊರೆಯುವುದು. 40 ಡಿಗ್ರಿಗಳಷ್ಟು ಅಗಲವಾಗಿ ಬೀಸಣಿಗೆಯಂತೆ ಹರಡಿದರೆ ಅದರ ಕಾವು ಬಹಳ ಇಳಿಯುವುದು. ಯಂತ್ರದೊಡನೆ ಬರುವ ಮೂತಿಗಳಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ್ದು ನೇರವಾದ ಧಾರೆಯದು, ಬಿಳಿಯದು ಅಗಲವಾದ ಧಾರೆಯದು. ಕೆಂಪು ಮೂತಿಯನ್ನು ಯಾವ ಕಟ್ಟಡಕ್ಕೂ ಉಪಯೋಗಿಸಕೂಡದು. ಆಳು ಬೇಸತ್ತು ಮೂತಿಯನ್ನು ಗೇಣುದ್ದಕ್ಕೆ ತಂದು ಹಿಡಿದರೆ ಯಜಮಾನನು ಒತ್ತಡವನ್ನು ಎಷ್ಟು ಇಳಿಸಿದ್ದರೂ ಪ್ರಯೋಜನವಿಲ್ಲ.

ಇನ್ನು ಕೊಳೆಯ ಸ್ವಭಾವ. ಗೋಡೆಯ ಮೇಲೆ ಹಸುರಾಗಿ, ಕಪ್ಪಾಗಿ ಕಾಣುವುದು ಬಹುಮಟ್ಟಿಗೆ ಧೂಳಲ್ಲ. ಜೀವವುಳ್ಳ ಪಾಚಿ, ಬೂಷ್ಟು, ಕಲ್ಲುಹೂವುಗಳು. ಇವುಗಳ ಕಾಣುವ ಭಾಗವು ಮೇಲಿದ್ದರೂ ಬೂಷ್ಟು ಮತ್ತು ಕಲ್ಲುಹೂವಿನ ಸೂಕ್ಷ್ಮವಾದ ಎಳೆಗಳು ಕಲ್ಲಿನ ರಂಧ್ರಗಳೊಳಗೆ ಇಳಿದಿರುವುವು. ರಭಸದ ನೀರು ಮೇಲಿನದನ್ನು ಮಾತ್ರ ಕಿತ್ತು, ಒಳಗಿನದಕ್ಕೆ ನೀರುಣಿಸಿ ಹೋಗುವುದು. ಗದ್ದೆಯ ಕಳೆಯನ್ನು ಬುಡ ಬಿಟ್ಟು ಕುಡುಗೋಲಿನಿಂದ ಸವರಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುವುದು. ಅದಲ್ಲದೆ, ಗೂಡಿನಲ್ಲಿ ಬೆಂದ ಇಟ್ಟಿಗೆಯ ಹೊರಗೆ ಒಂದು ಗಟ್ಟಿಯಾದ ತೊಗಲು ಇರುವುದು. ಅದು ಹೋದರೆ ಒಳಗಿನ ಮೆತ್ತನೆಯ ಭಾಗವು ನೀರನ್ನು ಹೀರಿಕೊಳ್ಳತೊಡಗುವುದು. ಒರಟಾದ, ತೇವ ನಿಲ್ಲುವ ಅಂತಹ ಮೈಯಲ್ಲಿ ಪಾಚಿಗೆ ಮೊದಲಿಗಿಂತಲೂ ಒಳ್ಳೆಯ ಆಶ್ರಯವು ದೊರೆಯುವುದು. ಸಂದುಗಳ ಮೂಲಕ ಒಳನುಗ್ಗಿದ ನೀರು ಆರುವಾಗ ಗೋಡೆಯೊಳಗಿನ ಉಪ್ಪನ್ನು ಮೇಲಕ್ಕೆ ತರುವುದು; ಆ ಉಪ್ಪು ಹರಳುಗಟ್ಟಿ ಗಾರೆಯನ್ನು ಪದರಪದರವಾಗಿ ಉದುರಿಸುವುದು. ಮೇಲೆ ಹೇಳಿದ ಗುಡಿಯ ಗೋಡೆಗೆ ಆದುದು ಇದೇ.

ಕರಾವಳಿ ಮತ್ತು ಮಲೆನಾಡಿನ ಅಂಚಿನ ಮುರಕಲ್ಲಿನ ಕಟ್ಟಡಗಳ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯು ಬೇಕು. ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಇದರ ತೂತುಗಳಲ್ಲಿ ಜೇಡಿಯು ತುಂಬಿರುವುದು. ರಭಸದ ಧಾರೆಯು ಆ ಜೇಡಿಯನ್ನು ತೊಳೆದುಹಾಕಿ ಕಲ್ಲನ್ನು ಜರಡಿಯಂತೆ ಮಾಡುವುದು. ಮಂಗಳೂರು ಹೆಂಚಿನ ಮಾಡಿನ ತೊಂದರೆಯೇ ಬೇರೆ. ಹೆಂಚುಗಳು ಒಂದರ ಮೇಲೊಂದು ಕೂತಿರುವುದು ಮೇಲಿನಿಂದ ಬೀಳುವ ಮಳೆಯನ್ನು ಹರಿಸುವುದಕ್ಕೆ. ಸೂರಿನ ಕಡೆಯಿಂದ ಮೇಲ್ಮುಖವಾಗಿ ಹೊಡೆದ ನೀರು ಅಡಿಯಲ್ಲಿ ನುಗ್ಗಿ ರೀಪು, ತೊಲೆಗಳನ್ನು ನೆನೆಸುವುದು. ಕಗ್ಗಲ್ಲಿನ ನಯವಾದ ಚಪ್ಪಡಿಗಳು ಮಾತ್ರ ಸ್ವಲ್ಪ ಒತ್ತಡವನ್ನು ತಾಳುವುವು. ಆದರೆ ಅವುಗಳ ನಡುವಣ ಗಾರೆಯು ತಾಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಗ್ರಾಮದ ಮುಖಂಡರು ಮನಸ್ಸಿಗೆ ತಂದುಕೊಳ್ಳಬೇಕಾದುದು ಊರಿನ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ವಿಷಯ. ನಮ್ಮ ನಾಡಿನಲ್ಲಿ ಕೆರೆಯ ಏರಿ, ಅಗಸೆಬಾಗಿಲು, ಹೊಲದ ಬದು ಇಂತಹ ಸ್ಥಳಗಳಲ್ಲಿ ಇವು ನಿಂತಿರುವುವು. ಅನೇಕವು ಬಳಪದ ಕಲ್ಲಿನವು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಸೂಕ್ಷ್ಮವಾದ ಕೆತ್ತನೆಯು ಸಾಧ್ಯವಾದುದು ಈ ಕಲ್ಲಿನ ಮೃದುತ್ವದಿಂದಲೇ. ಉಳಿಗೆ ಸುಲಭವಾದ ಕಲ್ಲು ರಭಸದ ನೀರಿಗೂ ಸುಲಭವೇ. ಶಾಸನದ ಅಕ್ಷರದ ಆಳವು ಹಲವೆಡೆ ಒಂದು ಬತ್ತದ ಕಾಳಿನ ದಪ್ಪವೂ ಇರುವುದಿಲ್ಲ. ಬಿ. ಎಲ್. ರೈಸ್‌ರವರು 1886ರಿಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಸಹಸ್ರಾರು ಶಾಸನಗಳನ್ನು ಅಚ್ಚುಮಾಡಿಸಿದರೂ, ಇನ್ನೂ ಓದದೆ ಉಳಿದ ಕಲ್ಲುಗಳು ಹಳ್ಳಿಗಳಲ್ಲಿ ಆಗಾಗ್ಗೆ ದೊರೆಯುತ್ತಲೇ ಇವೆ. ಕೆರೆಗೆ ಬಿಟ್ಟ ಭೂಮಿಯ ಎಲ್ಲೆ, ದತ್ತಿಯ ವಿವರ, ತುರುಗಾಳಗದಲ್ಲಿ ಮಡಿದವನ ಹೆಸರು ಆ ಒಂದೇ ಕಲ್ಲಿನಲ್ಲಿರುವುದು. ಅಳಿದ ಅಕ್ಷರವನ್ನು ಮತ್ತೆ ತರಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಶಾಸನದ ಪಡಿಯಚ್ಚು ತೆಗೆಯುವವರು ನೀರು ಮತ್ತು ಮೆತ್ತನೆಯ ಕುಂಚದಿಂದಲೇ ಕಲ್ಲನ್ನು ಒರಸಿ, ಒದ್ದೆ ಕಾಗದವನ್ನು ಹೊದಿಸಿ ಮಸಿಯನ್ನು ಹಚ್ಚುವರು. ಅವರಿಗೆ ಸಾಕಾದುದು ನಮಗೂ ಸಾಕು. ರಕ್ಷಿತ ಸ್ಮಾರಕಗಳನ್ನಂತೂ 1958ರ ಕೇಂದ್ರ ಕಾಯಿದೆ ಮತ್ತು 1961ರ ರಾಜ್ಯದ ಕಾಯಿದೆಗಳ ಪ್ರಕಾರ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಕೂಡದು. ಜಾತ್ರೆಯ ಅವಸರವು ಇದಕ್ಕೆ ಸಮಾಧಾನವಾಗದು.

ಹಾಗಾದರೆ ತೊಳೆಯುವ ಕ್ರಮವೇನು? ಮೊದಲು ಜನರ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಮೊಳದಷ್ಟು ಜಾಗವನ್ನು ಆರಿಸಿಕೊಂಡು ಬರಿಯ ನೀರಿನಿಂದ ಪರೀಕ್ಷೆ ಮಾಡಬೇಕು. ಸಂಜೆಯ ಹೊತ್ತಿಗೆ ನಲ್ಲಿಯ ಕೊಳವೆಯಿಂದಲೋ, ಬೆನ್ನಿನ ಯಂತ್ರದಿಂದಲೋ ತುಂತುರಾಗಿ ನೀರನ್ನು ಹಾಯಿಸಿ ಒಂದೆರಡು ಗಂಟೆ ನೆನೆಯಬಿಟ್ಟರೆ ಹಾವಸೆಯು ಉಬ್ಬಿ ಸಡಿಲವಾಗುವುದು. ಇದರಲ್ಲಿ ಕೆಲಸ ಮಾಡುವುದು ನೀರಿನ ಬಲವಲ್ಲ, ಕಾಲ. ಬಳಿಕ ತೆಂಗಿನ ನಾರಿನ ಕುಂಚದಿಂದ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ, ಮೇಲಿನಿಂದ ಕೆಳಕ್ಕೆ ನೀರನ್ನು ಬಿಡಬೇಕು. ಗಟ್ಟಿಯಾದ ಕಲ್ಲುಹೂವನ್ನು ಚೆನ್ನಾಗಿ ನೆನೆದ ಮೇಲೆ ಬಿದಿರಿನ ಚಕ್ಕೆಯಿಂದ ಎಬ್ಬಿಸಬಹುದು. ಜಿಡ್ಡು, ದೀಪದ ಎಣ್ಣೆಯ ಕಲೆಗಳಿಗೆ ಅಂಟುವಾಳದ ನೊರೆಯು ಸಾಕಾಗುವುದು. ತಂತಿಯ ಬ್ರಷ್ಷು ಬೇಡ. ಅದರ ಚೂರುಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕಿನ ಕಲೆಯನ್ನು ಬಿಡುವುವು. ಆಸಿಡ್ಡಂತೂ ಗಾರೆಯ ಸುಣ್ಣವನ್ನೇ ಕರಗಿಸುವುದು. ಮೂಲೆಯನ್ನು ಆರಬಿಟ್ಟು ಒಂದು ವಾರದ ಮೇಲೆ ನೋಡಿ, ಮೈಯು ಪುಡಿಯಾಗದಿದ್ದರೆ ಮಾತ್ರ ಮುಂದುವರಿಯತಕ್ಕದ್ದು.

ಹೆಂಚು ಮತ್ತು ಸಾದಾ ಸಿಮೆಂಟು ಗೋಡೆಗಳಿಗೆ ಬ್ಲೀಚಿಂಗ್ ಪುಡಿಯನ್ನು ಉಪಯೋಗಿಸಬಹುದು. ಹತ್ತು ಲೀಟರು ನೀರಿಗೆ 300 ಗ್ರಾಂ ಪುಡಿಯನ್ನು ಕಲಸಿ, ಗಸಿಯು ಇಳಿದ ಮೇಲೆ ತಿಳಿಯನ್ನು ಮಾತ್ರ ಹಚ್ಚಿ ಇಪ್ಪತ್ತು ನಿಮಿಷಗಳ ತರುವಾಯ ತೊಳೆದರೆ ಪಾಚಿಯು ಬಹುಮಟ್ಟಿಗೆ ಸಾಯುವುದು. ಕೆತ್ತನೆಯ ಕಲ್ಲಿಗೂ, ತಗಡಿನ ಮಾಡಿಗೂ ಇದು ಸಲ್ಲದು. ತೊಳೆದ ನೀರು ಬಾವಿಗಾಗಲಿ ಮೀನಿನ ಹೊಂಡಕ್ಕಾಗಲಿ ಹೋಗದಂತೆ ಕಾಲುವೆಯನ್ನು ತಿರುಗಿಸಬೇಕು. ಇದನ್ನು ಆಸಿಡ್ಡಿನೊಡನೆ ಬೆರಸಿದರೆ ಉಸಿರು ಕಟ್ಟಿಸುವ ವಿಷವಾಯುವು ಹೊರಡುವುದರಿಂದ ಆಳುಗಳಿಗೆ ಮೊದಲೇ ತಿಳಿಸತಕ್ಕದ್ದು. ಔಷಧ ಸಿಂಪಡಿಸಿದ ಯಂತ್ರವನ್ನು ಈ ಕೆಲಸಕ್ಕೆ ತರದೆ ಬೇರೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮೈಲುತುತ್ತದ ಶೇಷವು ಕಲ್ಲಿಗೆ ನೀಲಿ ಕಲೆಯನ್ನು ಹಿಡಿಸುವುದು.

ರಭಸದ ಯಂತ್ರವು ಸರ್ವಥಾ ನಿಷಿದ್ಧವೆಂದು ನಮ್ಮ ಅಭಿಪ್ರಾಯವಲ್ಲ. ಗಟ್ಟಿಯಾದ ಕಾಂಕ್ರೀಟಿನ ಕಣ, ಕೊಟ್ಟಿಗೆಯ ಸಿಮೆಂಟು ನೆಲ, ಸಗಣಿಯ ಕಾಲುವೆ, ನೇಗಿಲು, ಟ್ರಾಕ್ಟರಿನ ಗಾಲಿ ಇವುಗಳಿಗೆ ಅದೇ ಉತ್ತಮ. ನೆಲದಲ್ಲಿ ಪಾಚಿಗಟ್ಟಿ ದನಗಳು ಜಾರುವುದನ್ನು ಅದರಿಂದ ಚೆನ್ನಾಗಿ ತಪ್ಪಿಸಬಹುದು. ಟ್ರಾಕ್ಟರಿನ ರೇಡಿಯೇಟರಿನ ತೆಳುರೆಕ್ಕೆಗಳಿಗೂ, ಗ್ರೀಸು ತುಂಬಿದ ಬೇರಿಂಗುಗಳಿಗೂ ಧಾರೆಯನ್ನು ಹಿಡಿಯಬಾರದು. ಧಾರೆಯು ಕೈಗೆ ತಗುಲಿ ಸೂಜಿಮೊನೆಯಷ್ಟು ಗಾಯವಾದರೂ ನೀರು ಚರ್ಮದೊಳಗೆ ಹೊಕ್ಕಿರಬಹುದಾದ್ದರಿಂದ, ನೋವಿಲ್ಲವೆಂದು ಉದಾಸೀನ ಮಾಡದೆ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು.

ತೊಳೆದ ಗೋಡೆಗೆ ಸುಣ್ಣವನ್ನು ಹೊಡೆಸುವುದಿದ್ದರೆ ಬಿಸಿಲಿನಲ್ಲಿ ಎರಡು ಮೂರು ವಾರವಾದರೂ ಆರಗೊಡಬೇಕು. ಹೊಸದಾಗಿ ಅರಳಿಸಿದ ಸುಣ್ಣವು ತನ್ನ ಕ್ಷಾರಗುಣದಿಂದ ತಾನೇ ಪಾಚಿಯನ್ನು ಕೊಂಚಕಾಲ ತಡೆಯುವುದು. ಹಳೆಯ ಸುಣ್ಣದ ಗೋಡೆಗೆ ಪ್ಲಾಸ್ಟಿಕ್ಕಿನ ಬಣ್ಣವನ್ನು ಬಳಿಸಿದರೆ ಒಳಗಿನ ತೇವವು ಹೊರಬೀಳಲಾರದೆ ಗಾರೆಯು ಸಡಿಲವಾಗುವುದು. ಮೇಲೆ ಹೇಳಿದ ಗ್ರಾಮದವರು ಈಗ ಸಂದುಗಳಿಗೆ ಸಿಮೆಂಟನ್ನು ಮೆತ್ತದೆ ಸುಣ್ಣದ ಗಾರೆಯನ್ನೇ ತುಂಬಿಸುತ್ತಿರುವರು. ಪುಡಿಯಾದ ಇಟ್ಟಿಗೆಗಳ ಪೈಕಿ ತೀರ ಹಾಳಾದುವನ್ನು ಮಾತ್ರ ಬದಲಾಯಿಸಿ, ಉಳಿದುದಕ್ಕೆ ತೆಳುವಾಗಿ ಸುಣ್ಣವನ್ನು ಹೊಡೆಸುವುದೆಂದು ನಿಶ್ಚಯಿಸಿದ್ದಾರೆ.