ಹಪ್ಪಳದ ನೆಲಕ್ಕೆ ಉಕ್ಕಿನ ಕಮಾನು

ವೆಲ್ಡಿಂಗ್ ಕೆಲಸದ ಕಾಕ ರಗ್ಗು ಎತ್ತಿ ಸ್ಕ್ರೂಡ್ರೈವರಿನ ತುದಿ ಒತ್ತಿದರು. ಅದು ಕಾರಿನ ನೆಲ ದಾಟಿ ಕೆಳಗಿನ ಜಲ್ಲಿಗೆ ತಾಗಿತು.

"ಎಂತ ಮಾರಾಯ್ರೆ, ಇದು ನೆಲವಾ ಹಪ್ಪಳವಾ? ಇದರ ಮೇಲೆ ನೀವು ಕಂಬ ನಿಲ್ಲಿಸುವುದಾ?"

ಅಷ್ಟರಲ್ಲಿ ನಾನು ಪೈಪು ತಂದು, ಬಗ್ಗಿಸಿಯೂ ಆಗಿತ್ತು.

ಕಾರು 2001ರ ಎಸ್ಟೀಮ್. ಇಪ್ಪತ್ತು ಮಳೆಗಾಲ ಮಂಗಳೂರಿನಲ್ಲೇ ಕಳೆದದ್ದು. ಆಟೋಕ್ರಾಸ್ ಎಂಬ ಮಣ್ಣಿನ ಮೈದಾನದ ಆಟಕ್ಕೆ ಅದನ್ನು ಸಿದ್ಧ ಮಾಡಬೇಕೆಂಬುದು ನನ್ನ ಹಠ. ಕಾರು ಮಗುಚಿದರೆ ಚಾವಣಿ ತಲೆಯ ಮೇಲೆ ಕೂರಬಾರದಲ್ಲ, ಅದಕ್ಕೇ ರೋಲ್ ಬಾರ್. ಮುಂದಿನ ಸೀಟುಗಳ ಬೆನ್ನ ಹಿಂದೆ ಚಾವಣಿಗೆ ಅಂಟಿದಂತೆ ನಿಲ್ಲುವ ಉಕ್ಕಿನ ಕಮಾನು, ಅದಕ್ಕೆ ಆನಿಕೆಯಾಗಿ ಹಿಂದಕ್ಕೆ ಇಳಿಯುವ ಎರಡು ಪೈಪು, ಇಷ್ಟೇ. ರ‍್ಯಾಲಿಗಾದರೆ ಪೂರ್ತಿ ಪಂಜರವೇ ಬೇಕು.

ಪೈಪಿನಲ್ಲೂ ಎಡವಿದ್ದೆ. ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ "ಒಂದೂವರೆ ಇಂಚಿನದು" ಅಂದೆ, ಅವರು ನೀರಿನ ಜಿಐ ಪೈಪು ಕೊಟ್ಟರು. ನೀರಿನ ಪೈಪಿನಲ್ಲಿ ಒಂದೂವರೆ ಇಂಚು ಎನ್ನುವುದು ಒಳಬಾಯಿಯ ಲೆಕ್ಕ; ಹೊರಗಿಂದ ಅಳೆದರೆ 48.3 ಮಿಲಿಮೀಟರ್ ಬರುತ್ತದೆ. ಅಳತೆ ಹೋಗಲಿ, ಬಗ್ಗಿಸಿದ ಜಾಗದಲ್ಲಿ ಒಳಮಗ್ಗುಲು ಸುಕ್ಕುಗಟ್ಟಿ ಚಪ್ಪಟೆಯಾಗಿತ್ತು. ವೆಲ್ಡಿಂಗ್ ಹಚ್ಚಿದರೆ ಸತುವಿನ ಬಿಳಿ ಹೊಗೆ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿಲಿಮೀಟರ್ ಹೊರ ಅಳತೆ ಮತ್ತು 2.5 ಮಿಲಿಮೀಟರ್ ದಪ್ಪ, ಇಲ್ಲವೇ 50ಕ್ಕೆ 2, ಅದೂ ಬೆಸುಗೆಯ ಗೆರೆಯಿಲ್ಲದ ಸೀಮ್‌ಲೆಸ್ ಉಕ್ಕೇ ಆಗಬೇಕು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಿರಬಾರದು. ಮೊದಲಿನ ಕಮಾನು ಈಗ ನಮ್ಮ ಮನೆಯ ಬಸಳೆ ಚಪ್ಪರಕ್ಕೆ ಆಧಾರ. ಎರಡನೆಯದನ್ನು ಸರಿಯಾದ ಯಂತ್ರ ಇದ್ದವರಲ್ಲಿ ಬಗ್ಗಿಸಿಕೊಂಡು ಬಂದೆ.

ಪೈಪಿನ ಕೆಲಸ ಎಲ್ಲ ಸೇರಿ ಮೂರು ದಿನ. ನೆಲದ ಕೆಲಸ ಮೂರು ತಿಂಗಳು.

ಜಿಪ್ಸಿ ಜೀಪಿಗಾದರೆ ಕೆಳಗೆ ಏಣಿಯಂಥ ದಪ್ಪ ಚಾಸಿಸ್ ಇದೆ, ಕಂಬ ನಿಲ್ಲಿಸಲು ಗಟ್ಟಿ ಜಾಗ ಸಿಗುತ್ತದೆ. ಎಸ್ಟೀಮಿಗೆ ಅದಿಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ತಗಡುಗಳನ್ನು ಮಡಿಸಿ, ಸಾವಿರಾರು ಚುಕ್ಕಿ ವೆಲ್ಡಿಂಗಿನಲ್ಲಿ ಸೇರಿಸಿದ ಡಬ್ಬಿ ಅದು. ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಚಾವಣಿ ಒಂದನ್ನೊಂದು ಹಿಡಿದುಕೊಂಡಿರುವುದೇ ಅದರ ಬಲ. ಅಂಥ ನೆಲದ ಮೇಲೆ ಕಮಾನನ್ನು ಸುಮ್ಮನೆ ಊರಿದರೆ, ಕಾರು ಮಗುಚಿದಾಗ ಅದರ ಕಾಲು ಕೆಸರು ಗದ್ದೆಗೆ ಕೊಡೆಯ ತುದಿ ಇಳಿದ ಹಾಗೆ ಇಳಿದುಬಿಡುತ್ತದೆ. ಪೈಪು ಎಷ್ಟು ದಪ್ಪವಿದ್ದರೂ ಅಷ್ಟೆ. ನಿಯಮ ಪ್ರತಿ ಕಾಲಿನಡಿಗೂ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ತಟ್ಟೆ ಬೇಕೆನ್ನುವುದು ಈ ಕಾರಣಕ್ಕೇ. ಬೋಲ್ಟು ಹಾಕಿ ಕೂರಿಸುವುದಾದರೆ ಕಾಲಿಗೆ ಮೂರು, 8 ಮಿಲಿಮೀಟರಿನವು, ತಲೆಯ ಮೇಲೆ 8.8 ಎಂದು ಕೆತ್ತಿದವು.

ತಟ್ಟೆಯನ್ನು ನೆಲಕ್ಕೆ ಮಾತ್ರ ಹಚ್ಚಿದರೆ ಸಾಲದು ಎಂದವರು ಕಾಕ. ಎಲ್ ಆಕಾರದಲ್ಲಿ ಮಡಿಸಿ, ಒಂದು ಮಗ್ಗುಲನ್ನು ಬಾಗಿಲ ಕೆಳಗಿನ ಪಟ್ಟಿಯ ಗೋಡೆಗೂ ಸೇರಿಸಿದರು. ಭಾರ ಆಗ ನೆಲದ ತಗಡಿಗಷ್ಟೇ ಬೀಳದೆ, ಮಡಿಕೆಯಿಂದ ಮಡಿಕೆಗೆ ಹಂಚಿಹೋಗುತ್ತದೆ. ಹಿಂದಿನ ಆನಿಕೆಗಳನ್ನು ಸಸ್ಪೆನ್ಷನ್ ಬಂದು ಕೂರುವ ಗುಮ್ಮಟದ ಬಳಿಗೆ ಇಳಿಸಿದೆವು. ಅಲ್ಲಿ ತಗಡು ಎರಡು ಪದರ, ಪುಣ್ಯಕ್ಕೆ ತುಕ್ಕೂ ಇರಲಿಲ್ಲ.

ಎಡ ಪಟ್ಟಿ ಮಾತ್ರ ಒಳಗಿಂದ ತಿಂದುಹೋಗಿತ್ತು. ಕಾಕ ಊರಿಗೆ ಹೋಗಿದ್ದ ಒಂದು ಭಾನುವಾರ, ಕೆಲಸ ಮುಂದೆ ಸಾಗಲಿ ಎಂದು, ಕಾರನ್ನು ಹಿಂದೆ ಮುಂದೆ ಜ್ಯಾಕಿನ ಮೇಲೆ ನಿಲ್ಲಿಸಿ, ಬಾಗಿಲು ಕಳಚಿಟ್ಟು, ಗ್ರೈಂಡರಿನಲ್ಲಿ ಕೊಳೆತ ಭಾಗವನ್ನು ಕೊಯ್ದೆ. ಹೊಸ ತಗಡು ಹಚ್ಚಿ ಸಂಜೆ ಬಾಗಿಲು ಹಾಕಲು ಹೋದರೆ ಅದು ಕೂರುತ್ತಿಲ್ಲ. ಡಬ್ಬಿಯ ಒಂದು ಬದಿ ಕೊಯ್ದಾಗ ನಡು ಕುಸಿದು, ಬಾಗಿಲ ಸಂದು ಒಂದು ಬೆರಳು ಕಿರಿದಾಗಿತ್ತು. ಕಾಕ ಬಂದು ನೋಡಿ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದರು. ಬೈದಿದ್ದರೆ ವಾಸಿಯಿತ್ತು. ನನ್ನ ವೆಲ್ಡಿಂಗ್ ಎಲ್ಲ ಬಿಚ್ಚಿ, ಬಾಗಿಲ ಸಂದಿಗೆ ಅಡ್ಡ ಪೈಪು ಕೊಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು, ಸಮತಟ್ಟು ಮಾಡಿ ಮತ್ತೆ ಕಟ್ಟಿದೆವು. ಅದಕ್ಕೇ ಮೂರು ವಾರ ಹೋಯಿತು. ಹಳೆಯ ಕಾರಿನ ಪಟ್ಟಿ ಕೊಯ್ಯುವ ಮೊದಲು ಅಡ್ಡ ಪೈಪು ಹಾಕಬೇಕು, ನಂತರವಲ್ಲ.

ತಗಡಿಗೆ ಕಡ್ಡಿಯ ಆರ್ಕ್ ವೆಲ್ಡಿಂಗ್ ಆಗದು, ತೂತು ಬೀಳುತ್ತದೆ. ಸಿಓಟೂ ವೆಲ್ಡಿಂಗೇ ಬೇಕು. ಒಂದೇ ಕಡೆ ಎಳೆಯದೆ ಇಲ್ಲೊಂದು ಅಲ್ಲೊಂದು ಚುಕ್ಕಿ ಇಟ್ಟುಕೊಂಡು ಹೋದರೆ ತಗಡು ಸೊಟ್ಟಗಾಗುವುದಿಲ್ಲ. ಬ್ಯಾಟರಿ ಕಳಚಿಡಿ. ರಗ್ಗಿನ ಕೆಳಗೆ ಡಾಂಬರಿನ ಹಾಳೆ ಅಂಟಿಸಿರುತ್ತಾರೆ, ಅದನ್ನು ಪೂರ್ತಿ ಕೆರೆದು ತೆಗೆಯದಿದ್ದರೆ ಬೆಂಕಿ ಹಿಡಿಯುತ್ತದೆ. ನಮ್ಮಲ್ಲಿ ಹಿಡಿಯಿತು, ಗೋಣಿ ಒದ್ದೆ ಮಾಡಿ ಇಟ್ಟಿದ್ದರಿಂದ ಉಳಿದೆವು.

ಇನ್ನೊಂದು ಜಾಣತನ ನಾನು ಕಾಕನಿಂದ ಕಲಿತೆ. ಕಮಾನು ಚಾವಣಿಗೆ ಅಂಟಿ ನಿಂತಿರುತ್ತದೆ. ಆನಿಕೆ ಅದಕ್ಕೆ ಸೇರುವ ಜಾಗದ ಮೇಲ್ಮಗ್ಗುಲಿಗೆ ವೆಲ್ಡಿಂಗಿನ ಮೂತಿ ಹೋಗುವುದೇ ಇಲ್ಲ. ಅವರು ತಟ್ಟೆ ಕೂರಿಸುವ ಮೊದಲು ಆ ಜಾಗದ ನೆಲವನ್ನು ಕೊಯ್ದು, ಚುಕ್ಕಿ ವೆಲ್ಡಿಂಗಿನಲ್ಲಿ ನಿಂತಿದ್ದ ಕಮಾನನ್ನು ಕೆಳಕ್ಕೆ ಜಾರಿಸಿ, ಮೇಲೆ ಸುತ್ತಲೂ ವೆಲ್ಡ್ ಮುಗಿಸಿ, ಮತ್ತೆ ಎತ್ತಿ ಅಡಿಗೆ ತಟ್ಟೆ ಕೊಟ್ಟರು. ಶಾಲೆಗೆ ಹೋದದ್ದು ನಾಲ್ಕೇ ವರ್ಷವಂತೆ.

ಆಟಕ್ಕೆ ಮುನ್ನ ಪರೀಕ್ಷೆಗೆ ಬಂದ ಅಧಿಕಾರಿ ಹೊಳೆಯುವ ಕಮಾನಿನ ಕಡೆ ನೋಡಲೇ ಇಲ್ಲ; ಟಾರ್ಚು ಹಿಡಿದು ನೇರ ಕಾರಿನಡಿಗೆ ನುಗ್ಗಿದರು. ಎದ್ದು ಬಂದು, ಹೆಲ್ಮೆಟ್ ತಾಗುವಲ್ಲಿ ಸುತ್ತಿದ ಪ್ಯಾಡ್ ಒತ್ತಿ ನೋಡಿ ಚೀಟಿ ಅಂಟಿಸಿದರು.

ಪೇಟೆಯಲ್ಲಿ ಓಡಿಸುವ ಕಾರಿಗೂ ಇದನ್ನು ಹಾಕಿಸಬಹುದಾ ಎಂದು ಕೇಳುವವರಿದ್ದಾರೆ. ಬೇಡ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಅಪಘಾತದಲ್ಲೂ ಆ ಪೈಪಿಗೇ ಬಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಯಾರಕರ ವಿನ್ಯಾಸ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನನ್ನ ಎಸ್ಟೀಮ್ ಮೈದಾನಕ್ಕೆ ಹೋಗುವುದು ಲಾರಿಯ ಬೆನ್ನೇರಿ. ಅದರ ನೆಲಕ್ಕೆ ಈಗ ರಗ್ಗು ಹಾಸಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಕಾಕ ಸ್ಕ್ರೂಡ್ರೈವರ್ ಹಿಡಿದುಕೊಂಡು ಬರುತ್ತಾರೆ.