ಮೊಮ್ಮಗನ ಗಣಕಯಂತ್ರ: ಮಿತವ್ಯಯದ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಿಕ್ಷಣದ ಧ್ಯೇಯವನ್ನು ಕುರಿತು ಬರೆಯುವೆನೆಂದು ಅವರು ಎಣಿಸಿರಬಹುದು. ಆದರೆ ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಕಂಡಾಗ ಕೇಳುವ ಪ್ರಶ್ನೆಯೇ ಬೇರೆ: “ಗುರುಗಳೇ, ಹುಡುಗ ಆಟದ ಕಂಪ್ಯೂಟರ್ ಬೇಕಂತ ಹಟ ಹಿಡಿದಾನ್ರಿ. ಕೊಡಸೂದೋ ಬ್ಯಾಡೋ?” ಈ ಪ್ರಶ್ನೆಗೆ ಉತ್ತರವನ್ನು ನಾನು ಪುಸ್ತಕದಿಂದ ಕಲಿತವನಲ್ಲ, ಮಗಳ ಹಣವನ್ನು ಕಳೆದು ಕಲಿತವನು. ಆದುದರಿಂದ ಅದನ್ನೇ ಒಂದು ಪಾಠವಾಗಿ ಇಲ್ಲಿ ನಿರೂಪಿಸುತ್ತೇನೆ.

ಗಣಕಯಂತ್ರವೆಂದರೆ ನಮಗೆ ಪರಕೀಯವೆಂಬ ಅಂಜಿಕೆ ಬೇಡ. ಸೊಲ್ಲಾಪುರದ ಚಾದರದ ಮೇಲೆ ಹೂಬಳ್ಳಿ ಮೂಡುವುದು ಜಕಾರ್ಡ ಮಗ್ಗದಿಂದ. 1804ರಲ್ಲಿ ಫ್ರಾನ್ಸಿನ ಜಕಾರ್ಡನು ರೂಪಿಸಿದ ಈ ಸಾಧನದಲ್ಲಿ ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳು ಯಾವ ಎಳೆ ಮೇಲೇಳಬೇಕೆಂಬುದನ್ನು ನಿರ್ಧರಿಸುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣನಯಂತ್ರಕ್ಕೆ ಆ ರಟ್ಟಿನ ಉಪಾಯವನ್ನೇ ಎರವಲು ಪಡೆದನು. ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗಣಕವು ದೂರದ ನಂಟನೇ ಹೊರತು ಅಪರಿಚಿತನಲ್ಲ.

ನಾನು ಮಾಡಿದ ತಪ್ಪು

ನನ್ನ ಮಗಳು ಅಕ್ಕಲಕೋಟೆಯಲ್ಲಿದ್ದಾಳೆ. ಅವಳ ಮಗ ಎಂಟನೆಯ ತರಗತಿಗೆ ಬಂದಾಗ ಆಟಕ್ಕೂ ಅಭ್ಯಾಸಕ್ಕೂ ಆಗುವ ಗಣಕಯಂತ್ರವನ್ನು ಬೇಡಿದನು. ಮಗಳು ಭಿಶಿಯಲ್ಲಿ ಎತ್ತಿದ 22,000 ರೂಪಾಯಿಗಳನ್ನು ನನ್ನ ಕೈಗಿತ್ತು, “ಅಪ್ಪಾ, ನೀವು ಓದಿದವರು, ನೋಡಿ ತರ್ರಿ” ಎಂದಳು. ನಾನು ಒಂದು ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ನೀಲಿ ದೀಪಗಳು ತಿರುಗುತ್ತಿದ್ದವು. “ಐ7 ಅದರಿ, 4 ಜಿಬಿ ಕಾರ್ಡ್ ಅದರಿ” ಎಂದು ಅಂಗಡಿಯವನು ಹೇಳಿದನು. ಏಳು ಐದಕ್ಕಿಂತ ದೊಡ್ಡದೆಂಬ ಗಣಿತವಷ್ಟೇ ನನಗೆ ಗೊತ್ತಿತ್ತು. ಹಣವನ್ನು ಕೊಟ್ಟು ತಂದೆ.

ಎರಡು ದಿನಗಳಲ್ಲಿ ಮೊಮ್ಮಗ, “ಮುತ್ಯಾ, ದೀಪ ಭಾಳ ಛಂದ ಹತ್ತತಾವ, ಆಟ ಮಾತ್ರ ಮುಂದ ಹೋಗವಲ್ದು” ಎಂದನು. ವಿಚಾರಿಸಲಾಗಿ, ಆ ಪ್ರೊಸೆಸರ್ 2011ರ ಎರಡನೆಯ ಪೀಳಿಗೆಯದು. ಕಾರ್ಡಿನ ಮೆಮರಿ ದೊಡ್ಡದಾದರೂ ಅದು 2014ರ ಕೆಳದರ್ಜೆಯ ಮಾದರಿ. ಮೇ ತಿಂಗಳ ಒಂದು ಮಧ್ಯಾಹ್ನ ಹೆಸರಿಲ್ಲದ ಪವರ್ ಸಪ್ಲೈ ಸುಟ್ಟು, ತನ್ನೊಡನೆ ಮದರ್‌ಬೋರ್ಡನ್ನೂ ಕೊಂಡೊಯ್ದಿತು. ಪಾವತಿ ಕೇಳಿದರೆ ನನ್ನಲ್ಲಿದ್ದುದು ಒಂದು ಚೀಟಿ ಮಾತ್ರ. ಮಗಳು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂಗಾಂಗಗಳ ಪರಿಚಯ

ಆ ಬಳಿಕ ನಾನು ಮೊಮ್ಮಗನನ್ನೇ ಗುರುವಾಗಿ ಮಾಡಿಕೊಂಡು ಒಂದು ವರ್ಷ ಓದಿದೆನು. ಕಲಿತ ಸಾರವಿಷ್ಟು.

ಪ್ರೊಸೆಸರ್ ಯಂತ್ರದ ಮಿದುಳು. ಅದರ ಹೆಸರಿನೊಡನೆ ಪೀಳಿಗೆಯನ್ನೂ ಕೇಳಬೇಕು. ಹಳೆಯ ಐ7ಕ್ಕಿಂತ ಹೊಸ ಐ3 ಎಷ್ಟೋ ವೇಳೆ ಚುರುಕಾಗಿರುತ್ತದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ಲಿನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದು ಬೇಕು. ಹಳೆಯ ಯಂತ್ರವನ್ನು ಕೊಳ್ಳುವವರು ಇದನ್ನು ಮರೆಯಬಾರದು.

ಗ್ರಾಫಿಕ್ಸ್ ಕಾರ್ಡ್ ಚಿತ್ರಗಳನ್ನು ಬಿಡಿಸುವ ಕಲಾವಿದ. ಭಾರಿ ಆಟಗಳಿಗೆ ಒಟ್ಟು ವೆಚ್ಚದ ಮೂರನೆಯ ಒಂದು ಭಾಗವಾದರೂ ಇದಕ್ಕೇ ಹೋಗುತ್ತದೆ. ಅಷ್ಟು ಶಕ್ತಿಯಿಲ್ಲದವರು ಅಗ್ಗದ ಕಾರ್ಡಿನ ಬೆನ್ನು ಹತ್ತದೆ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನು ಕೊಂಡು, ಮುಂದೆ ಅನುಕೂಲವಾದಾಗ ಕಾರ್ಡನ್ನು ಸೇರಿಸುವುದು ಲೇಸು. ಇಂಥ ಪ್ರೊಸೆಸರ್ ರ್ಯಾಮನ್ನೇ ತನ್ನ ಚಿತ್ರಫಲಕವಾಗಿ ಬಳಸುವುದರಿಂದ, 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ಒಂದು ಬಾಗಿಲಿನ ಬದಲು ಎರಡು ಬಾಗಿಲು ತೆರೆದಂತೆ ಮಾಹಿತಿಯು ಬೇಗ ಓಡಾಡುತ್ತದೆ.

ಪವರ್ ಸಪ್ಲೈ ಯಂತ್ರದ ಹೃದಯ. ನಮ್ಮ ಭಾಗದ ಬೇಸಿಗೆ 40 ಡಿಗ್ರಿಯನ್ನು ದಾಟುತ್ತದೆ, ವಿದ್ಯುತ್ತು ಹೋಗಿ ಬರುತ್ತಿರುತ್ತದೆ. ಹೆಸರಾಂತ ತಯಾರಕರ, ‘80 ಪ್ಲಸ್’ ಗುರುತುಳ್ಳ ಪವರ್ ಸಪ್ಲೈ ಮತ್ತು ಒಂದು ಯು.ಪಿ.ಎಸ್. ಇಲ್ಲಿ ಆಡಂಬರವಲ್ಲ, ಅಗತ್ಯ. ಪೆಟ್ಟಿಗೆಯ ಮುಂಭಾಗ ಗಾಜಿನದಿರುವುದಕ್ಕಿಂತ ಜಾಳಿಗೆಯದಿರಲಿ, ಗಾಳಿಯಾಡಬೇಕು. ತಿಂಗಳಿಗೊಮ್ಮೆ ಧೂಳನ್ನು ಒರೆಸಬೇಕು.

ನಮ್ಮ ಲೆಕ್ಕ

2025ರ ಮೇ ತಿಂಗಳಲ್ಲಿ ಎರಡನೆಯ ಬಾರಿ ಕೊಂಡೆವು. ಈ ಸಲ ನನ್ನ ಪಿಂಚಣಿಯ ಉಳಿತಾಯದಿಂದ 45,000 ರೂಪಾಯಿಗಳನ್ನು ತೆಗೆದಿಟ್ಟೆನು. ಖರ್ಚು ಸುಮಾರಾಗಿ ಹೀಗಾಯಿತು: ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಪ್ರೊಸೆಸರ್ 11,500, ಮದರ್‌ಬೋರ್ಡ್ 7,000, ರ್ಯಾಮ್ 3,500, 500 ಜಿಬಿಯ ಎಸ್.ಎಸ್.ಡಿ. 3,000, ಪವರ್ ಸಪ್ಲೈ 4,000, ಪೆಟ್ಟಿಗೆ 2,500, ಮಾನಿಟರ್ 7,000, ಕೀಲಿಮಣೆ ಮತ್ತು ಮೌಸ್ 1,000, ಯು.ಪಿ.ಎಸ್. 3,000. ಒಟ್ಟು 42,500. ಉಳಿದ 2,500 ರೂಪಾಯಿ ಮುಂದಿನ ಕಾರ್ಡಿಗೆ ಮೊದಲ ಕಂತಾಯಿತು.

ಈ ದರಗಳು ಈಗಲೂ ಅಷ್ಟೇ ಇರುವುವೆಂದು ತಿಳಿಯಬಾರದು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳು ಮೆಮರಿಯನ್ನು ಕೊಂಡುಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮಿನ ಬೆಲೆ ಬಹಳವಾಗಿ ಏರಿತು. ಕೊಳ್ಳುವ ವಾರದಲ್ಲೇ ಎರಡು ಮೂರು ಅಂಗಡಿಗಳ ದರವನ್ನು ಬರೆದುಕೊಂಡು, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯ ದರದೊಡನೆ ಹೋಲಿಸಿ ನೋಡಬೇಕು. ಜಿ.ಎಸ್.ಟಿ. ಸಹಿತವಾದ ಪಾವತಿಯಲ್ಲಿ ಪ್ರತಿಯೊಂದು ಭಾಗದ ಮಾದರಿ, ಕ್ರಮಸಂಖ್ಯೆ ಇರಲೇಬೇಕು. ಖಾಲಿ ಡಬ್ಬಿಗಳನ್ನೂ ಮನೆಗೆ ತರಬೇಕು. ಸ್ವಲ್ಪ ಅಗ್ಗವಾಗುವುದೆಂದು ಪಾವತಿಯನ್ನು ಬಿಟ್ಟವನು ವಾರಂಟಿಯನ್ನೂ ಬಿಟ್ಟಂತೆ.

ವಿಂಡೋಸಿನ ಪರವಾನಗಿಗೆ ಪ್ರತ್ಯೇಕ ಹಣ ಬೇಕು. ನಕಲಿ ಪ್ರತಿಯನ್ನು ಹಾಕಿಕೊಡುವೆನೆಂದು ಒಬ್ಬರು ಹೇಳಿದರು. ಪರೀಕ್ಷೆಯಲ್ಲಿ ನಕಲು ಮಾಡಬೇಡಿರೆಂದು ಜೀವಮಾನವೆಲ್ಲ ಹೇಳಿದವನ ಮನೆಯಲ್ಲಿ ಅದು ಹೇಗೆ ಸಾಧ್ಯ? ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿದೆವು. ಸ್ಟೀಮ್ ಎಂಬ ಆಟಗಳ ಭಂಡಾರದವರು 2018ರಲ್ಲಿ ತಂದ ಏರ್ಪಾಡಿನಿಂದ ವಿಂಡೋಸಿನ ಅನೇಕ ಆಟಗಳು ಇದರಲ್ಲಿಯೂ ನಡೆಯುತ್ತವೆ. ವ್ಯಾಲರಂಟ್‌ನಂಥ ಕೆಲವು ನಡೆಯುವುದಿಲ್ಲ. ಮೊಮ್ಮಗನು ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಬೇರೆ ಆಟವನ್ನು ಹುಡುಕಿಕೊಂಡನು.

ಆಟವೂ ಪಾಠವೂ

ಯಂತ್ರವನ್ನು ನಡುಮನೆಯಲ್ಲಿ ಇರಿಸಿದ್ದೇವೆ, ಮುಚ್ಚಿದ ಕೋಣೆಯಲ್ಲಲ್ಲ. ಆಟಕ್ಕೆ ವೇಳೆಯನ್ನು ಗೊತ್ತುಮಾಡಿದವನು ಅವನೇ. ಮುರಿದರೆ ಶಿಕ್ಷೆಯನ್ನು ಹೇಳುವವನೂ ಅವನೇ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು ನಿಷೇಧಿಸಿದೆ. ಆದರೆ ಆಟದೊಳಗೆ ಬಣ್ಣದ ಉಡುಪನ್ನೂ ಆಯುಧವನ್ನೂ ಮಾರುವ ಪದ್ಧತಿ ಉಳಿದೇ ಇದೆ. ಆದುದರಿಂದ ತಂದೆತಾಯಿಗಳ ಬ್ಯಾಂಕ್ ಕಾರ್ಡನ್ನು ಅದರಲ್ಲಿ ದಾಖಲಿಸಬಾರದು.

ಈ ಯಂತ್ರದಲ್ಲಿ ಕನ್ನಡವನ್ನು ಬರೆಯಲು ಒಂದು ಕಾಸೂ ಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿ ಸಿದ್ಧವಾಗಿಯೇ ಇದೆ. ಶಾಲೆಯ ಹೊರಗೆ ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷು. ನಮ್ಮ ಹುಡುಗರ ಕನ್ನಡ ಮನೆಯ ಮಾತಿನಲ್ಲಷ್ಟೇ ಉಳಿದು ಬರವಣಿಗೆಯಿಂದ ಜಾರುತ್ತಿರುವ ಈ ಗಡಿನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನನ್ನ ಕೈ ಈಗ ನಡುಗುತ್ತದೆ. ಈ ಲೇಖನವನ್ನು ನಾನು ಹೇಳುತ್ತ ಹೋದಂತೆ ಅಚ್ಚುಮಾಡಿದವನು ಮೊಮ್ಮಗನೇ. ಒತ್ತಕ್ಷರಗಳಲ್ಲಿ ನಾಲ್ಕು ಕಡೆ ತಪ್ಪಿದ, ತಿದ್ದಿದೆ. ನನ್ನ ತಾಂತ್ರಿಕ ಪದಗಳಲ್ಲಿ ಐದು ಕಡೆ ಅವನು ತಿದ್ದಿದ.

ಕೊನೆಯದಾಗಿ, ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ: ಕೊಡಿಸುವ ಶಕ್ತಿ ಇದ್ದರೆ ಕೊಡಿಸಿರಿ, ಸಾಲ ಮಾಡಿ ಕೊಡಿಸಬೇಡಿರಿ. ಅಂಗಡಿಗೆ ಹೋಗುವ ಮೊದಲು ಮಗುವಿನ ಕೈಯಲ್ಲಿ ಒಂದು ಹಾಳೆಯನ್ನು ಕೊಟ್ಟು, ಬೇಕಾದ ಭಾಗ, ಅದರ ದರ, ಅದು ಬೇಕಾದ ಕಾರಣ ಎಂಬ ಮೂರು ಅಂಕಣಗಳನ್ನು ತುಂಬಿಸಿರಿ. ಕಾರಣದ ಅಂಕಣ ತುಂಬುವವರೆಗೆ ಹಣದ ಚೀಲವನ್ನು ಬಿಚ್ಚದಿರಿ. ನಾನು ಆ ಒಂದು ಹಾಳೆಯನ್ನು ಮೊದಲೇ ಬರೆಸಿದ್ದರೆ ಮಗಳ ಭಿಶಿಯ ಹಣ ಉಳಿಯುತ್ತಿತ್ತು.