ದೋಣಿಯ ಸ್ಟೀರಿಯೋ ಯಂತ್ರಕ್ಕೆ ಒಂದು ಫಲಕ

“ಅಳತೆ, ಕೋನ, ತ್ರಿಕೋನಮಿತಿ ಇವುಗಳನ್ನೆಲ್ಲ ಕಲಿತು ನಮಗೇನು ಪ್ರಯೋಜನ?” ಎಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಈ ಪ್ರಶ್ನೆಗೆ ಕರಿಹಲಗೆಯ ಮುಂದೆ ನಿಂತು ಉತ್ತರ ಹೇಳುವುದಕ್ಕಿಂತ ಗರಗಸ ಹಿಡಿದು ಹೇಳುವುದೇ ಲೇಸೆಂದು ಕಳೆದ ಬೇಸಗೆಯ ರಜೆಯಲ್ಲಿ ನನಗೆ ಮನವರಿಕೆಯಾಯಿತು.

ಕಾಸರಗೋಡಿನ ಕಡಲಕರೆಯಲ್ಲಿ ಮೀನುಗಾರಿಕೆಯಿಂದ ಜೀವಿಸುವ ಪೋಷಕರೊಬ್ಬರು ತಮ್ಮ ಫೈಬರ್ ದೋಣಿಗಾಗಿ ಒಂದು ಸ್ಟೀರಿಯೋ ಯಂತ್ರವನ್ನು ತಂದಿದ್ದರು. ಚುಕ್ಕಾಣಿಯ ಎದುರಿನಲ್ಲಿ ಅದನ್ನೂ ಅದರ ಗುಂಡಿಗಳನ್ನೂ ಕೂಡಿಸಲು ತಕ್ಕುದಾದ ಫಲಕವು ಅಂಗಡಿಯಲ್ಲಿ ದೊರೆಯಲಿಲ್ಲ. ಅವರ ಮಗನೂ, ಹತ್ತನೆಯ ತರಗತಿಯ ಇನ್ನೊಬ್ಬ ಹುಡುಗನೂ, ನಾನೂ ಸೇರಿ ಅದನ್ನು ನಿರ್ಮಿಸಿದೆವು. ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಅಳತೆ. ಇಂಥ ಯಂತ್ರಗಳಲ್ಲಿ ಅನೇಕವನ್ನು ಜರ್ಮನಿಯಲ್ಲಿ ಗೊತ್ತುಪಡಿಸಿದ ‘ಡಿನ್’ ಎಂಬ ಪ್ರಮಾಣಕ್ಕೆ ಸರಿಯಾಗಿ ಮಾಡುತ್ತಾರೆ. ಅದರಂತೆ ಫಲಕದ ಕಿಂಡಿಯು ೧೮೨ ಮಿಲಿಮೀಟರ್ ಅಗಲ, ೫೩ ಮಿಲಿಮೀಟರ್ ಎತ್ತರವಿರಬೇಕು. ಆದರೂ ಕೈಯಲ್ಲಿರುವ ಯಂತ್ರವನ್ನೇ ಅಳೆದು ನೋಡತಕ್ಕದ್ದು. ಇಲ್ಲಿ ನಾನೇ ಒಂದು ತಪ್ಪು ಮಾಡಿದೆನು. ಯಂತ್ರದ ಒಡಲನ್ನು ಅಳೆಯುವ ಬದಲು ಅದಕ್ಕಿಂತ ಅಗಲವಾದ ಮುಖದ ಅಂಚನ್ನು ಅಳೆದೆನು. ಕಿಂಡಿ ದೊಡ್ಡದಾಗಿ ಯಂತ್ರವು ಹಿಂದಕ್ಕೆ ಜಾರಿತು. ಒಂದು ಹಲಗೆ ವ್ಯರ್ಥವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊಯ್ದ ಹಲಗೆಯೂ ಹಾಗೆಯೇ. ಆಮೇಲೆ ದಪ್ಪ ರಟ್ಟಿನಲ್ಲಿ ಮಾದರಿಯನ್ನು ಕತ್ತರಿಸಿ, ಯಂತ್ರವನ್ನು ಅದರಲ್ಲಿ ಕೂಡಿಸಿ ನೋಡಿ, ಹಿಂದುಗಡೆ ತಂತಿಗಳಿಗೆ ಎಡೆಯಿದೆಯೆಂದು ಖಚಿತಪಡಿಸಿಕೊಂಡೇ ಎರಡನೆಯ ಹಲಗೆಯನ್ನು ಮುಟ್ಟಿದೆವು.

ಎರಡನೆಯದು ವಸ್ತುವಿನ ಆಯ್ಕೆ. ಸಾಧಾರಣ ಪ್ಲೈವುಡ್ ಕಡಲಿನ ತೇವಕ್ಕೆ ಪದರು ಪದರಾಗಿ ಬಿಡುತ್ತದೆ. ದೋಣಿಗೆ ಐ.ಎಸ್. ೭೧೦ ಗುರುತಿನ ಮರೈನ್ ಪ್ಲೈವುಡ್ ಆಗಬಹುದು. ನಾವು ೬ ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆಯನ್ನು ಆರಿಸಿದೆವು. ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ, ಹಿಗ್ಗುವಿಕೆ ಸುಮಾರು ೦.೦೭ ಮಿಲಿಮೀಟರ್. ನಮ್ಮ ಹಲಗೆಯ ಉದ್ದ ೪೦೦ ಮಿಲಿಮೀಟರ್; ಉಷ್ಣತೆ ೩೦ ಡಿಗ್ರಿ ಏರಿದರೆ ಅದು ೦.೮೪ ಮಿಲಿಮೀಟರ್ ಬೆಳೆಯುತ್ತದೆ. ಆದುದರಿಂದ ೪ ಮಿಲಿಮೀಟರ್ ತಿರುಪಿಗೆ ೫ ಮಿಲಿಮೀಟರ್ ರಂಧ್ರವನ್ನು ಕೊರೆದೆವು. ಬಿಗಿಯಾದ ರಂಧ್ರವಾಗಿದ್ದರೆ ಹಲಗೆ ಬಿರುಕು ಬಿಡುತ್ತಿತ್ತು. ಕಿಂಡಿಯ ನಾಲ್ಕು ಮೂಲೆಗಳಲ್ಲಿಯೂ ಮೊದಲು ದುಂಡಾದ ರಂಧ್ರವನ್ನು ಕೊರೆದು ಅನಂತರ ಗರಗಸವಾಡಿಸಬೇಕು. ಚೂಪಾದ ಮೂಲೆಯಲ್ಲಿ ಒತ್ತಡವು ಒಂದೆಡೆ ಕೂಡಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ತಿರುಪುಗಳು ೩೧೬ನೆಯ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಅದರಲ್ಲಿ ಬೆರೆತಿರುವ ಮಾಲಿಬ್ಡಿನಮ್ ಲೋಹವು ಉಪ್ಪುನೀರಿನ ಕೊರೆತವನ್ನು ಬಹುಮಟ್ಟಿಗೆ ತಡೆಯುತ್ತದೆ. ಗುಂಡಿಗಳ ಮೇಲೆ ‘ಐ.ಪಿ. ೬೭’ ಎಂದಿದ್ದರೆ, ಧೂಳು ಒಳಹೋಗದೆಂದೂ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದೂ ಅರ್ಥ.

ಮೂರನೆಯದು ವಿದ್ಯುತ್ತು. ಬ್ಯಾಟರಿ ೧೨ ವೋಲ್ಟ್, ಯಂತ್ರ ೪೮ ವಾಟ್ ಎಂದಾದರೆ ಪ್ರವಾಹವು ೪ ಆಂಪಿಯರ್. ಹೋಗಿ ಬರುವ ತಂತಿಯ ಒಟ್ಟು ಉದ್ದ ೬ ಮೀಟರ್. ೨.೫ ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ನಷ್ಟವಾಗುವುದು ಸುಮಾರು ೦.೧೮ ವೋಲ್ಟ್, ೦.೫ ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು ೦.೯ ವೋಲ್ಟ್. ದಪ್ಪ ತಂತಿ ಏಕೆ ಬೇಕೆಂಬುದನ್ನು ಓಮನ ನಿಯಮವೇ ಹೇಳುತ್ತದೆ. ಫ್ಯೂಸನ್ನು ಬ್ಯಾಟರಿಯ ಧನಧ್ರುವದ ಸಮೀಪದಲ್ಲಿಯೇ ಇಡಬೇಕು, ಫಲಕದ ಬಳಿಯಲ್ಲಿ ಮಾತ್ರ ಇಟ್ಟರೆ ಸಾಲದು. ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಗೆ ಯಾವ ರಕ್ಷಣೆಯೂ ಇಲ್ಲ. ಅದು ಉಜ್ಜಿ ಸವೆದರೆ ನಡುಗಡಲಿನಲ್ಲಿ ಬೆಂಕಿ ಏಳಬಹುದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ನಕ್ಷೆಯಲ್ಲಿ ಒಂದು ಧ್ವನಿವರ್ಧಕವನ್ನು ದಿಕ್ಸೂಚಿಯ ಪಕ್ಕದಲ್ಲಿಯೇ ಗುರುತಿಸಿದ್ದೆವು, ನೋಟಕ್ಕೆ ಅಂದವಾಗಿತ್ತು. ಆಗ ಇನ್ನೊಬ್ಬ ಹುಡುಗನು, “ಸಾರ್, ಧ್ವನಿವರ್ಧಕದೊಳಗೆ ಅಯಸ್ಕಾಂತವಿದೆಯಲ್ಲವೇ?” ಎಂದು ಕೇಳಿದನು. ದೋಣಿಯನ್ನು ದಡದಲ್ಲಿ ಕದಲದಂತೆ ನಿಲ್ಲಿಸಿ, ದಿಕ್ಸೂಚಿಯು ತೋರಿದ ಅಂಕವನ್ನು ಬರೆದುಕೊಂಡು, ಧ್ವನಿವರ್ಧಕವನ್ನು ಮೆಲ್ಲಮೆಲ್ಲನೆ ಸಮೀಪಕ್ಕೆ ತಂದೆವು. ನಕ್ಷೆಯ ಸ್ಥಾನವನ್ನು ಮುಟ್ಟುವ ಮುನ್ನವೇ ಅಂಕವು ೫ ಡಿಗ್ರಿ ಸರಿಯಿತು!

೫ ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. ತ್ರಿಕೋನಮಿತಿಯ ಕೋಷ್ಟಕದಲ್ಲಿ ೫ ಡಿಗ್ರಿಯ ಟ್ಯಾಂಜೆಂಟ್ ೦.೦೮೭೫. ದಡವು ೨೦ ಕಿಲೋಮೀಟರ್ ದೂರದಲ್ಲಿದ್ದರೆ, ಇದನ್ನು ೨೦ರಿಂದ ಗುಣಿಸಿರಿ: ೧.೭೫ ಕಿಲೋಮೀಟರ್. ಇರುಳಿನಲ್ಲಿಯೋ ಮಳೆಯ ಮಬ್ಬಿನಲ್ಲಿಯೋ ದಿಕ್ಸೂಚಿಯನ್ನೇ ನಂಬಿ ಮರಳುವವನು ಅಳಿವೆಯ ಬಾಯಿಗೆ ಬರುವ ಬದಲು ಅಷ್ಟು ದೂರದ ಬಂಡೆಗಳೆಡೆಗೆ ಹೋದಾನು. ಲೆಕ್ಕ ಮುಗಿದಾಗ ದೋಣಿಯ ಒಡೆಯರ ಮಗನು ಮಾತನಾಡದೆ ತಂದೆಯ ಮುಖವನ್ನು ನೋಡಿದನು.

ಧ್ವನಿವರ್ಧಕಗಳೆರಡನ್ನೂ ದೋಣಿಯ ಹಿಂಬದಿಗೆ ಒಯ್ದು, ಅಂಕವು ಕಿಂಚಿತ್ತೂ ಕದಲದೆಂದು ನೋಡಿ ಬಿಗಿದೆವು. ಹೋಗುವ, ಬರುವ ತಂತಿಗಳೆರಡನ್ನೂ ಒಂದಕ್ಕೊಂದು ಹೊಸೆದೆವು. ಹಾಗೆ ಮಾಡಿದರೆ ಅವುಗಳ ಕಾಂತಕ್ಷೇತ್ರಗಳು ಬಹುತೇಕ ಪರಸ್ಪರ ಅಳಿದುಹೋಗುತ್ತವೆ. ಹಾಡನ್ನು ಒಮ್ಮೆಗೇ ನಿಲ್ಲಿಸುವ ಗುಂಡಿಯನ್ನು ಕಣ್ಣಿಟ್ಟು ನೋಡದೆಯೂ ಕೈಗೆ ಸಿಗುವ ಮೂಲೆಯಲ್ಲಿ ಇಟ್ಟೆವು. ನಿಸ್ತಂತು ಯಂತ್ರದ ೧೬ನೆಯ ಚಾನೆಲ್ ಆಪತ್ತಿನ ಕರೆಗೆಂದು ಮೀಸಲಾದುದು. ಆ ಕರೆ ಬಂದಾಗ ಸಂಗೀತವು ಅದನ್ನು ನುಂಗಬಾರದು.

ಪೋಷಕ ಮಹಾಶಯರೇ, ಮಕ್ಕಳು ಮನೆಯಲ್ಲಿ ಏನನ್ನಾದರೂ ಬಿಚ್ಚಿ ಜೋಡಿಸುತ್ತಿದ್ದರೆ ಗದರಿಸದೆ, ಅಳತೆಪಟ್ಟಿಯೊಂದನ್ನು ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿರಿ. ವಿದ್ಯಾರ್ಥಿಗಳೇ, ತರಗತಿಯಲ್ಲಿ ಕಲಿತ ಒಂದು ಟ್ಯಾಂಜೆಂಟ್ ನಿಮ್ಮ ಸಹಪಾಠಿಯೊಬ್ಬನ ತಂದೆ ಕ್ಷೇಮವಾಗಿ ದಡ ಸೇರಲು ನೆರವಾಗಬಲ್ಲದು. ಅದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ.